ಸೋಡಾ, ಕಬ್ಬಿನ ಹಾಲು, ಮೈಸೂರು ಪಾಕ್: ಸಕ್ಕರೆಗೆ ಮಿತಿ ಹಾಕಿಕೊಂಡವರು ಯಾವುದನ್ನು ಆರಿಸಿಕೊಳ್ಳಬೇಕು?

ಸಕ್ಕರೆ ಕಡಿಮೆ ಮಾಡಿ ಎಂದು ವೈದ್ಯರು ಹೇಳಿದ ದಿನವೇ ಸಿಹಿಯನ್ನೆಲ್ಲ ಒಂದೇ ಸಲಕ್ಕೆ ಬಿಟ್ಟುಬಿಡುವವರು ನಮ್ಮ ಕಡೆ ಬಹಳ ಮಂದಿ. ಅವರಲ್ಲಿ ಅನೇಕರು ಮುಂದಿನ ಹಬ್ಬಕ್ಕೋ ಮದುವೆಗೋ ಆ ವ್ರತವನ್ನು ಮುರಿಯುತ್ತಾರೆ, ಮುರಿದ ಮೇಲೆ ಇನ್ನೇನಾದರೇನು ಎಂದು ಮೊದಲಿಗಿಂತ ಹೆಚ್ಚು ತಿನ್ನುತ್ತಾರೆ. ಮೈಸೂರು, ಮಂಡ್ಯ ಸೀಮೆಯಲ್ಲಿ ಹೀಗಾಗುವುದು ಆಶ್ಚರ್ಯವೇನಲ್ಲ. ಕನ್ನಂಬಾಡಿಯ ನೀರು ನಾಲೆಗಳಲ್ಲಿ ಹರಿದು ಬಂದು ಭತ್ತದ ಜೊತೆಗೆ ಕಬ್ಬನ್ನೂ ಬೆಳೆಸಿದ ನೆಲ ಇದು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದದ್ದು ಮಂಡ್ಯದಲ್ಲಿ. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ಕೈಯಲ್ಲಿ ಹುಟ್ಟಿತೆಂದು ಹೇಳಲಾಗುವ ಮೈಸೂರು ಪಾಕ್ ಇಂದಿಗೂ ದೇವರಾಜ ಮಾರುಕಟ್ಟೆಯ ಬಳಿಯ ಸಯ್ಯಾಜಿರಾವ್ ರಸ್ತೆಯಲ್ಲಿ ಅವರ ವಂಶಸ್ಥರ ಅಂಗಡಿಯಲ್ಲಿ ಮಾರಾಟವಾಗುತ್ತದೆ. ಇಂಥ ಊರಿನಲ್ಲಿ ಇದ್ದುಕೊಂಡು ಯಾವ ಸಿಹಿಯನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಟ್ಟರೂ ನಷ್ಟವಿಲ್ಲ ಎಂದು ಯೋಚಿಸಿ ಆರಿಸಿಕೊಳ್ಳುವವರ ನಿಯಮವೇ ಹೆಚ್ಚು ಕಾಲ ಬಾಳುತ್ತದೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ದಿನಕ್ಕೆ ಇಷ್ಟೇ ಸಕ್ಕರೆ ಎಂದು ಗೊತ್ತುಮಾಡಿಕೊಂಡವರು ಅದನ್ನು ಕುಡಿಯುವ ಪದಾರ್ಥಗಳಲ್ಲಿ ಕಳೆಯದೆ ತಿನ್ನುವ ಸಿಹಿಗೆ ಉಳಿಸಿಕೊಳ್ಳಬೇಕು. ಸೋಡಾ ಕುಡಿದಾಗ ನಮಗೆ ಸಿಗುವ ಖುಷಿಯಲ್ಲಿ ದೊಡ್ಡ ಪಾಲು ಅದರ ಗ್ಯಾಸು, ತಂಪು ಮತ್ತು ಹುಳಿಯದು. ಈ ಮೂರಕ್ಕೂ ಸಕ್ಕರೆಯ ಹಂಗಿಲ್ಲ. ಮೈಸೂರು ಪಾಕಿನಿಂದ ಸಕ್ಕರೆಯನ್ನು ತೆಗೆದರೆ ಮಾತ್ರ ಅದು ಮೈಸೂರು ಪಾಕಾಗಿ ಉಳಿಯುವುದೇ ಇಲ್ಲ. ಕೆಳಗಿನ ಹೋಲಿಕೆಗಳೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿವೆ.

ದಿನಕ್ಕೆ ಎಷ್ಟು, ಚಮಚಕ್ಕೆ ಎಷ್ಟು

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ನಾವು ದಿನಕ್ಕೆ ಪಡೆಯುವ ಒಟ್ಟು ಶಕ್ತಿಯಲ್ಲಿ ಬಿಡಿ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆ ಇರಬೇಕು, ಸಾಧ್ಯವಾದರೆ ಶೇ. 5ಕ್ಕಿಂತಲೂ ಕೆಳಗಿಳಿಯಬೇಕು. ದಿನಕ್ಕೆ 2000 ಕಿಲೋ ಕ್ಯಾಲೊರಿ ಬೇಕಾಗುವ ವಯಸ್ಕರಿಗೆ ಇದು ಕ್ರಮವಾಗಿ 50 ಗ್ರಾಂ ಮತ್ತು 25 ಗ್ರಾಂ ಆಗುತ್ತದೆ. ಬಿಡಿ ಸಕ್ಕರೆ ಎನ್ನುವಾಗ ನಾವು ಬೆರೆಸುವ ಸಕ್ಕರೆಯ ಜೊತೆಗೆ ಬೆಲ್ಲ, ಜೇನುತುಪ್ಪ, ಹಿಂಡಿ ತೆಗೆದ ಹಣ್ಣಿನ ರಸದಲ್ಲಿರುವ ಸಕ್ಕರೆಯೂ ಲೆಕ್ಕಕ್ಕೆ ಬರುತ್ತವೆ. ಇಡೀ ಹಣ್ಣಿನಲ್ಲಿ ಮತ್ತು ಹಾಲಿನಲ್ಲಿ ತಾನಾಗಿಯೇ ಇರುವ ಸಕ್ಕರೆ ಬರುವುದಿಲ್ಲ.

ಮಟ್ಟಸವಾಗಿ ತೆಗೆದ ಒಂದು ಟೀ ಚಮಚ ಸಕ್ಕರೆ ಸುಮಾರು 4 ಗ್ರಾಂ ತೂಗುತ್ತದೆ. ನಾವು ಡಬ್ಬಿಯಿಂದ ತೆಗೆಯುವ ಚಮಚ ಎಂದೂ ಮಟ್ಟಸವಾಗಿರುವುದಿಲ್ಲ. ಗುಡ್ಡೆಯಾಗಿ ತೆಗೆದರೆ ಅದೇ ಚಮಚದಲ್ಲಿ 6–7 ಗ್ರಾಂ ಸುಲಭವಾಗಿ ಕೂರುತ್ತದೆ. ಲೋಟಕ್ಕೆ ಎರಡು ಮಟ್ಟಸ ಚಮಚದಂತೆ ದಿನಕ್ಕೆ ಮೂರು ಲೋಟ ಕಾಫಿ ಕುಡಿಯುವವರು, ಬೇರೇನನ್ನೂ ಮುಟ್ಟದಿದ್ದರೂ, 24 ಗ್ರಾಂ ಸಕ್ಕರೆಯನ್ನು ಕಾಫಿಯಲ್ಲೇ ಮುಗಿಸಿರುತ್ತಾರೆ. ಆದ್ದರಿಂದ ಸೋಡಾ, ಸಿಹಿ ತಿಂಡಿಗಳ ಕಡೆಗೆ ಹೋಗುವ ಮೊದಲು ಕಾಫಿಯ ಕಡೆ ನೋಡುವುದು ಒಳ್ಳೆಯದು. ಎರಡು ಚಮಚದಿಂದ ಒಂದೂವರೆಗೆ, ಕೆಲವು ದಿನಗಳ ನಂತರ ಒಂದಕ್ಕೆ, ಹೀಗೆ ಮೆಲ್ಲಗೆ ಇಳಿಸಿದರೆ ನಾಲಗೆ ಗಲಾಟೆ ಮಾಡದೆ ಹೊಂದಿಕೊಳ್ಳುತ್ತದೆ. ಡಿಕಾಕ್ಷನ್ ಹೊಸದಾಗಿದ್ದು ಹಾಲು ಗಟ್ಟಿಯಾಗಿದ್ದರೆ ಕಡಿಮೆ ಸಕ್ಕರೆಯ ಕಾಫಿ ಸಪ್ಪೆ ಎನಿಸುವುದಿಲ್ಲ. ಹೋಟೆಲುಗಳಲ್ಲಿ ಸಕ್ಕರೆಯನ್ನು ಮೊದಲೇ ಬೆರೆಸಿಡುವುದುಂಟಾದ್ದರಿಂದ, ಟೋಕನ್ ಕೊಡುವಾಗಲೇ ಸಕ್ಕರೆ ಬೇರೆ ಕೊಡಿ ಎಂದು ಹೇಳಬೇಕು.

ಕುಡಿಯುವ ಸಿಹಿ

ಸಾಮಾನ್ಯ ಕೋಲಾಗಳಲ್ಲಿ 100 ಮಿ.ಲೀ.ಗೆ 10ರಿಂದ 11 ಗ್ರಾಂ ಸಕ್ಕರೆ ಇರುತ್ತದೆ. ಹಾಗಾದರೆ 250 ಮಿ.ಲೀ.ನ ಒಂದು ಚಿಕ್ಕ ಬಾಟಲಿಯಲ್ಲಿ ಸುಮಾರು 26 ಗ್ರಾಂ, ಅಂದರೆ ಆರೂವರೆ ಚಮಚ ಸಕ್ಕರೆಯಾಯಿತು; ಬಿಗಿ ಮಿತಿಯಾದ 25 ಗ್ರಾಂ ಆ ಒಂದು ಬಾಟಲಿಯಲ್ಲೇ ಮುಗಿದುಹೋಯಿತು. ಇಷ್ಟು ಸಕ್ಕರೆ ಇದ್ದರೂ ಕುಡಿಯುವಾಗ ಅತಿಯಾದ ಸಿಹಿ ಎನ್ನಿಸದಿರುವುದಕ್ಕೆ ಕಾರಣವಿದೆ. ತಂಪು ನಾಲಗೆಯ ಸಿಹಿಗ್ರಹಣವನ್ನು ತಗ್ಗಿಸುತ್ತದೆ, ಪಾನೀಯದಲ್ಲಿರುವ ಆಮ್ಲ ಸಿಹಿಯನ್ನು ಮರೆಮಾಡುತ್ತದೆ, ಗ್ಯಾಸಿನ ಚುರುಕು ಗಮನವನ್ನು ಬೇರೆಡೆಗೆ ಸೆಳೆಯುತ್ತದೆ. ಅರ್ಧ ಕುಡಿದು ಇಟ್ಟ ಬಾಟಲಿ ಗ್ಯಾಸು ಹೋಗಿ ಬೆಚ್ಚಗಾದ ಮೇಲೆ ಒಂದು ಗುಟುಕು ಕುಡಿದು ನೋಡಿದರೆ ಅದರೊಳಗಿನ ಸಕ್ಕರೆ ಎಷ್ಟೆಂಬುದು ಯಾವ ಲೇಬಲನ್ನೂ ಓದದೆ ತಿಳಿಯುತ್ತದೆ. ಇನ್ನೊಂದು ಮಾತು: ದ್ರವರೂಪದ ಸಕ್ಕರೆ ಹೊಟ್ಟೆ ತುಂಬಿದ ಭಾವನೆಯನ್ನು ಕೊಡುವುದು ಬಹಳ ಕಡಿಮೆ. ಕೋಲಾ ಕುಡಿದವರು ಊಟದಲ್ಲಿ ಅದಕ್ಕೆ ತಕ್ಕಷ್ಟು ಕಡಿಮೆ ತಿನ್ನುವುದಿಲ್ಲ, ಹಾಗಾಗಿ ಆ ಸಕ್ಕರೆ ಊಟದ ಮೇಲಿನ ಹೆಚ್ಚುವರಿ ಹೊರೆಯಾಗಿಯೇ ಸೇರುತ್ತದೆ.

ಇದಕ್ಕೆ ಎದುರಾಗಿ ನಾನು ಇಡುವ ಮೊದಲ ಆಯ್ಕೆ ಉಪ್ಪು ಹಾಕಿದ ನಿಂಬೆ ಸೋಡಾ. ಬಂಡಿಯವರು ಲೋಟಕ್ಕೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿ, ಚಿಟಿಕೆ ಉಪ್ಪು ಉದುರಿಸಿ, ಗೋಲಿಯನ್ನು ಒತ್ತಿ ಬಾಟಲಿಯ ಕೊರಳಿಗೆ ಇಳಿಸಿ, ಬುಸ್ಸೆಂದು ಉಕ್ಕುವ ಸೋಡಾವನ್ನು ಮೇಲಿಂದ ಸುರಿದು ಕೊಡುವ ಈ ಪಾನೀಯದಲ್ಲಿ ಸೇರಿಸಿದ ಸಕ್ಕರೆ ಒಂದು ಗ್ರಾಂ ಕೂಡ ಇಲ್ಲ. ಕೋಲಾದಿಂದ ನಾವು ಬಯಸುವ ಚುರುಕು, ತೇಗು, ತಂಪು ಎಲ್ಲವೂ ಇದರಲ್ಲಿವೆ. ಅದೇ ಬಂಡಿಯಲ್ಲಿ ಸ್ವೀಟ್ ಸೋಡಾ ಕೇಳಿದರೆ ಲೆಕ್ಕ ತಲೆಕೆಳಗಾಗುತ್ತದೆ. ಸಕ್ಕರೆ ಮತ್ತು ನೀರನ್ನು ಸಮ ತೂಕದಲ್ಲಿ ಬೆರೆಸಿ ಮಾಡಿಟ್ಟ ಪಾಕದಲ್ಲಿ 30 ಮಿ.ಲೀ. ಸುರಿದರೆ ಸುಮಾರು 18 ಗ್ರಾಂ ಸಕ್ಕರೆ ಲೋಟಕ್ಕೆ ಬಿದ್ದ ಹಾಗೆ. ಪಾಕದ ಬಾಟಲಿಯನ್ನು ಅಳತೆಯಿಲ್ಲದೆ ಬಗ್ಗಿಸುವ ಕಡೆ ಇನ್ನೂ ಹೆಚ್ಚಾಗಬಹುದು. ಪೂರ್ತಿ ಉಪ್ಪು ಸೇರದವರು ಉಪ್ಪು, ಸಿಹಿ ಎರಡೂ ಹಾಕಿ, ಸಿಹಿ ಮಾತ್ರ ಅರ್ಧ ಸಾಕು ಎಂದು ಕೇಳಿದರೆ ಬಂಡಿಯವರು ಹಾಗೆಯೇ ಮಾಡಿಕೊಡುತ್ತಾರೆ. ಚಿಟಿಕೆ ಉಪ್ಪು ಇದ್ದಾಗ ಇರುವಷ್ಟು ಸಿಹಿಯೇ ಎದ್ದು ಕಾಣುವುದರಿಂದ ಅರ್ಧ ಪಾಕವೂ ಸಾಕೆನಿಸುತ್ತದೆ. ರಕ್ತದೊತ್ತಡ ಇರುವವರು ಉಪ್ಪಿನ ಬದಲು ಜಜ್ಜಿದ ಶುಂಠಿ, ಪುದೀನ, ಹುರಿದ ಜೀರಿಗೆಯ ಪುಡಿ ಹಾಕಿಕೊಂಡು ಮನೆಯಲ್ಲೇ ಮಾಡಿಕೊಳ್ಳುವುದು ಮೇಲು, ಏಕೆಂದರೆ ದಿನದ ಒಟ್ಟು ಉಪ್ಪು 5 ಗ್ರಾಂ ಮೀರಬಾರದೆಂಬುದೂ ವಿಶ್ವ ಆರೋಗ್ಯ ಸಂಸ್ಥೆಯದೇ ಸಲಹೆ. ಬಾಟಲಿಯಲ್ಲಿ ಬರುವ ಜೀರಿಗೆ ಸೋಡಾ, ಶುಂಠಿ ಸೋಡಾಗಳನ್ನು ಮಾತ್ರ ಈ ಸಾಲಿಗೆ ಸೇರಿಸಬೇಡಿ. ಜೀರಿಗೆಯ ಹೆಸರು ಕೇಳಿ ಔಷಧಿಯಂತೆ ಕುಡಿಯುವವರಿದ್ದಾರೆ. ಅವುಗಳಲ್ಲಿ ಹೆಚ್ಚಿನವು ಸಕ್ಕರೆ ಹಾಕಿಯೇ ಮಾಡಿದ ತಂಪು ಪಾನೀಯಗಳು.

ಕಬ್ಬಿನ ಹಾಲಿನ ವಿಷಯದಲ್ಲಿ ಮಂಡ್ಯದವರಿಗೆ ಬೇಸರವಾಗುವ ಮಾತನ್ನೇ ಹೇಳಬೇಕಾಗಿದೆ. ಹೆದ್ದಾರಿಯ ಬದಿಯಲ್ಲಿ, ಗಾಣಕ್ಕೆ ಕಬ್ಬಿನ ಜೊತೆ ಶುಂಠಿ, ನಿಂಬೆ ಮಡಚಿ ಕೊಟ್ಟು ಕಣ್ಣೆದುರೇ ಹಿಂಡಿ ಕೊಡುವ ಆ ಹಸಿರು ಹಾಲು ಎಷ್ಟೇ ತಾಜಾ ಆಗಿದ್ದರೂ, ಸಕ್ಕರೆಯ ಲೆಕ್ಕದಲ್ಲಿ ಅದು ಕೋಲಾಗಿಂತ ಮೇಲಲ್ಲ. ಸಕ್ಕರೆ ಕಾರ್ಖಾನೆ ಕಬ್ಬನ್ನು ಕೊಳ್ಳುವುದೇ ಆ ರಸದಲ್ಲಿರುವ ಸಕ್ಕರೆಗಾಗಿ. ರಸದಲ್ಲಿ 100 ಮಿ.ಲೀ.ಗೆ 13ರಿಂದ 15 ಗ್ರಾಂ, ಒಮ್ಮೊಮ್ಮೆ ಅದಕ್ಕೂ ಹೆಚ್ಚು ಸಕ್ಕರೆ ಇರುತ್ತದೆ, 200 ಮಿ.ಲೀ. ಲೋಟದಲ್ಲಿ 26–30 ಗ್ರಾಂ. ಐಸ್ ಹಾಕಿದರೆ ಅಷ್ಟು ರಸ ಕಡಿಮೆ ಬೀಳುತ್ತದೆ, ಆದರೆ ಆ ಐಸ್ ಯಾವ ನೀರಿನದೆಂಬ ಪ್ರಶ್ನೆ ಬೇರೆಯೇ ಇದೆ. ಕಬ್ಬಿನ ಹಾಲನ್ನು ದಾಹಕ್ಕೆ ಕುಡಿಯುವ ನೀರಿನಂತೆ ಎಣಿಸದೆ ಒಂದು ಸಿಹಿತಿಂಡಿಯಂತೆ ಎಣಿಸಿ, ಅದನ್ನು ಕುಡಿದ ದಿನ ಬೇರೆ ಸಿಹಿಯನ್ನು ಬಿಡುವುದಾದರೆ ನನ್ನ ಆಕ್ಷೇಪವಿಲ್ಲ. ಗಾಣದ ಮುಂದೆ ನಿಂತು ಇಬ್ಬರು ಒಂದು ಲೋಟವನ್ನು ಬೈಟು ಮಾಡಿಕೊಂಡರೆ ಇನ್ನೂ ಒಳ್ಳೆಯದು. ಕಬ್ಬನ್ನು ಹಲ್ಲಿನಲ್ಲಿ ಸಿಗಿದು ಅಗಿದು ತಿನ್ನುವವರು ಅದೇ ರಸವನ್ನು ನಿಧಾನವಾಗಿ, ಬಹಳ ಕಡಿಮೆ ಪ್ರಮಾಣದಲ್ಲಿ ಪಡೆಯುತ್ತಾರೆ; ಒಂದು ಗೇಣು ಕಬ್ಬು ಮುಗಿಸುವಷ್ಟರಲ್ಲಿ ದವಡೆ ತಾನೇ ಸಾಕೆನ್ನುತ್ತದೆ.

ದಾಹ ತೀರಿಸಲೆಂದೇ ಕುಡಿಯುವುದಾದರೆ ಮದ್ದೂರಿನ ಎಳನೀರು ಇವೆರಡಕ್ಕಿಂತ ಬಹಳ ಮುಂದಿದೆ. ಅದರಲ್ಲಿ 100 ಮಿ.ಲೀ.ಗೆ ಸುಮಾರು 3ರಿಂದ 5 ಗ್ರಾಂ ಸಕ್ಕರೆ ಇರುವುದರಿಂದ, ಒಂದು ಸಾಧಾರಣ ಗಾತ್ರದ ಎಳನೀರಿನಲ್ಲಿ ಕೋಲಾ ಬಾಟಲಿಯ ಅರ್ಧಕ್ಕಿಂತ ಕಡಿಮೆ ಸಕ್ಕರೆ ಸಿಗುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ಇನ್ನು ನೀರು ಮಜ್ಜಿಗೆಯನ್ನು ಮೀರಿಸುವ ಬೇಸಗೆಯ ಪಾನೀಯ ನಮ್ಮಲ್ಲಿ ಇಲ್ಲ ಎಂದೇ ನನ್ನ ನಂಬಿಕೆ. ರಾಮನವಮಿಯ ದಿನ ಪಾನಕ, ಮಜ್ಜಿಗೆ, ಕೋಸಂಬರಿ ಮೂರನ್ನೂ ಹಂಚುವ ಕಡೆ ಪಾನಕವನ್ನು ಅರ್ಧ ಲೋಟ ಪ್ರಸಾದವೆಂದು ತೆಗೆದುಕೊಂಡು, ದಾಹಕ್ಕೆ ಮಜ್ಜಿಗೆಯನ್ನು ಮತ್ತೊಮ್ಮೆ ಹಾಕಿಸಿಕೊಳ್ಳಬಹುದು. ಡಬ್ಬಿಯಲ್ಲಿ ಬರುವ ಹಣ್ಣಿನ ರಸದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ: ನೂರಕ್ಕೆ ನೂರು ರಸವೆಂದು ಬರೆದಿದ್ದರೂ ಅದು ಬಿಡಿ ಸಕ್ಕರೆಯ ಲೆಕ್ಕಕ್ಕೇ ಸೇರುತ್ತದೆ, ಪ್ರಮಾಣವೂ ಕೋಲಾದ ಆಸುಪಾಸಿನಲ್ಲೇ ಇರುತ್ತದೆ. ಮಾವಿನ ಪಾನೀಯಗಳಲ್ಲಿ ಅದಕ್ಕಿಂತಲೂ ಹೆಚ್ಚಿರುವುದುಂಟು.

ಜೀರೊ ಕೋಲಾ: ಯಾರಿಗೆ, ಎಷ್ಟರ ಮಟ್ಟಿಗೆ

ಸಕ್ಕರೆಯಿಲ್ಲದ ಕೋಲಾಗಳಲ್ಲಿ ಆಸ್ಪರ್ಟೇಮ್, ಅಸಿಸಲ್ಫೇಮ್ ಪೊಟ್ಯಾಸಿಯಂ, ಸುಕ್ರಲೋಸ್ ಮುಂತಾದ ಸಿಹಿಕಾರಕಗಳಿರುತ್ತವೆ. ಇವುಗಳಿಂದ ರಕ್ತದ ಸಕ್ಕರೆ ಕೋಲಾದಿಂದ ಏರುವಂತೆ ಏರುವುದಿಲ್ಲ, ಅದು ನಿಜವಾದ ಲಾಭ. ಇವುಗಳ ವಿರುದ್ಧ ಕೇಳಿಬರುವ ಭಯವನ್ನೂ ಸರಿಯಾಗಿ ತೂಗಿ ನೋಡಬೇಕು. 2023ರ ಜುಲೈನಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆಸ್ಪರ್ಟೇಮನ್ನು ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆಯುಳ್ಳ ಪದಾರ್ಥಗಳ 2ಬಿ ಗುಂಪಿಗೆ ಸೇರಿಸಿತು. ಇರುವ ಪುರಾವೆ ಸೀಮಿತವಾದದ್ದು ಎಂಬುದು ಆ ಗುಂಪಿನ ಅರ್ಥ. ಅದೇ ಸಮಯದಲ್ಲಿ ಆಹಾರ ಸೇರ್ಪಡೆಗಳನ್ನು ಪರಿಶೀಲಿಸುವ ಜಂಟಿ ತಜ್ಞರ ಸಮಿತಿ, ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನು ಬದಲಿಸಲು ಕಾರಣವಿಲ್ಲವೆಂದು ಹೇಳಿತು. ಕ್ಯಾನಿಗೆ 200ರಿಂದ 300 ಮಿಲಿಗ್ರಾಂ ಆಸ್ಪರ್ಟೇಮ್ ಇದೆಯೆಂದು ಇಟ್ಟುಕೊಂಡರೆ, 70 ಕೆ.ಜಿ. ತೂಕದ ವಯಸ್ಕರು ಆ ಮಿತಿಯನ್ನು ದಾಟಲು ದಿನಕ್ಕೆ 9ರಿಂದ 14 ಕ್ಯಾನಿಗಿಂತ ಹೆಚ್ಚು ಕುಡಿಯಬೇಕಾಗುತ್ತದೆ. ಫಿನೈಲ್‌ಕೀಟೋನ್ಯೂರಿಯ ಎಂಬ ಹುಟ್ಟಿನಿಂದ ಬರುವ ಕಾಯಿಲೆ ಇರುವವರಿಗೆ ಮಾತ್ರ ಆಸ್ಪರ್ಟೇಮ್ ಕೂಡದು.

ಹಾಗೆಂದು ಇದನ್ನು ತೂಕ ಇಳಿಸುವ ಮದ್ದೆಂದು ತಿಳಿಯಬಾರದು. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ತೂಕ ನಿಯಂತ್ರಣಕ್ಕಾಗಿ ಸಕ್ಕರೆಯೇತರ ಸಿಹಿಕಾರಕಗಳನ್ನು ಬಳಸಬೇಡಿ ಎಂದು ಸಲಹೆ ನೀಡಿದೆ. ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯವಾಗುವುದಿಲ್ಲವೆಂದೂ ಅದರಲ್ಲೇ ಹೇಳಿದೆ. ನನ್ನ ದೃಷ್ಟಿಯಲ್ಲಿ, ದಿನಕ್ಕೊಂದು ಬಾಟಲಿ ಕೋಲಾ ಕುಡಿಯುವ ಚಟ ಹತ್ತಿರುವ ವಯಸ್ಕರಿಗೆ ಜೀರೊ ಕೋಲಾ ನಡುವಿನ ಮೆಟ್ಟಿಲಾಗಿ ಉಪಯೋಗಕ್ಕೆ ಬರುತ್ತದೆ. ಕೋಲಾ ರೂಢಿಯೇ ಇಲ್ಲದವರು ಸಕ್ಕರೆ ಇಲ್ಲವಲ್ಲ ಎಂಬ ಧೈರ್ಯದಿಂದ ಇದನ್ನು ಹೊಸದಾಗಿ ಶುರುಮಾಡುವುದರಲ್ಲಿ ಏನೂ ಸಾರವಿಲ್ಲ, ಮಕ್ಕಳಿಗೆ ರೂಢಿ ಮಾಡಿಸುವುದಂತೂ ಬೇಡವೇ ಬೇಡ. ನಾಲಗೆಗೆ ಅತಿ ಸಿಹಿಯ ರುಚಿ ಅಂಟಿಕೊಂಡೇ ಇರುತ್ತದೆ, ಮತ್ತು ಸಕ್ಕರೆ ಇಲ್ಲದಿದ್ದರೂ ಅದರ ಆಮ್ಲ ಹಲ್ಲಿನ ಎನಾಮಲ್ಲನ್ನು ಸವೆಸುತ್ತದೆ. ಹುಳಿ ಸೋಡಾ ಯಾವುದೇ ಆಗಲಿ, ನಿಂಬೆ ಸೋಡಾವೂ ಸೇರಿದಂತೆ, ಗಂಟೆಗಟ್ಟಲೆ ಗುಟುಕರಿಸುತ್ತ ಕೂರದೆ ಊಟದ ಜೊತೆಗೆ ಕುಡಿದು ಮುಗಿಸಿ, ನೀರಿನಲ್ಲಿ ಬಾಯಿ ಮುಕ್ಕಳಿಸಬೇಕು. ಕೂಡಲೇ ಹಲ್ಲುಜ್ಜಬಾರದು, ಅರ್ಧ ಗಂಟೆಯಾದರೂ ಬಿಡಬೇಕು.

ಬೆಲ್ಲವೋ, ಸಕ್ಕರೆಯೋ

ಸಕ್ಕರೆ ಬಿಟ್ಟು ಬೆಲ್ಲಕ್ಕೆ ಬಂದಿದ್ದೇವೆ ಎನ್ನುವವರು ಈಗ ಮನೆಮನೆಯಲ್ಲೂ ಇದ್ದಾರೆ. ಮಂಡ್ಯದ ಆಲೆಮನೆಯಲ್ಲಿ ಕೊಪ್ಪರಿಗೆಯಿಂದ ಇಳಿಸಿ ಅಚ್ಚಿಗೆ ಹೊಯ್ದ ಬೆಲ್ಲದ ಪರಿಮಳ ಸಕ್ಕರೆಗೆ ಎಂದೂ ಬಾರದು, ಅದರಲ್ಲಿ ಒಂದಿಷ್ಟು ಕಬ್ಬಿಣದಂಥ ಖನಿಜಾಂಶಗಳೂ ಉಳಿದಿರುತ್ತವೆ. ಆದರೆ ಬೆಲ್ಲದ ಹೆಚ್ಚಿನ ಭಾಗ ಸಕ್ಕರೆಯೇ. ರಕ್ತದ ಸಕ್ಕರೆಯನ್ನು ಏರಿಸುವುದರಲ್ಲಿ ಎರಡಕ್ಕೂ ದೊಡ್ಡ ಅಂತರವಿಲ್ಲ, ಕಬ್ಬಿಣಾಂಶಕ್ಕಾಗಿ ಬೆಲ್ಲವನ್ನೇ ನಂಬಿದರೆ ಅದಕ್ಕೆ ತಿನ್ನಬೇಕಾದ ಬೆಲ್ಲದ ಪ್ರಮಾಣವೇ ಕೆಡುಕಾಗುತ್ತದೆ. ಬೆಲ್ಲಕ್ಕೆ ಬದಲಾಯಿಸಿಕೊಂಡವರು ಧೈರ್ಯ ತಂದುಕೊಂಡು ಎರಡು ಚಮಚದ ಜಾಗಕ್ಕೆ ಮೂರು ಚಮಚ ಹಾಕಿದರೆ ಬದಲಾಯಿಸಿಕೊಂಡದ್ದೇ ನಷ್ಟ. ರುಚಿಗಾಗಿ ಬೆಲ್ಲವನ್ನು ಆರಿಸಿಕೊಳ್ಳಿ, ಅಳತೆಯನ್ನು ಸಕ್ಕರೆಯದೇ ಇಟ್ಟುಕೊಳ್ಳಿ. ಕೊಳ್ಳುವಾಗ ಹೊಳೆಯುವ ತಿಳಿ ಹಳದಿ ಬಣ್ಣಕ್ಕೆ ಮರುಳಾಗಬೇಡಿ. ಆ ಬಣ್ಣ ಬರಿಸಲು ಹೈಡ್ರೋಸ್ ಎಂಬ ಬಣ್ಣ ತಿಳಿಯಾಗಿಸುವ ರಾಸಾಯನಿಕವನ್ನು ಹಾಕುವ ರೂಢಿ ಇರುವುದರಿಂದ ಕಂದು ಬಣ್ಣದ ಬೆಲ್ಲವೇ ನಂಬಿಕೆಗೆ ಹೆಚ್ಚು ಅರ್ಹ. ಜೇನುತುಪ್ಪದ ಕಥೆಯೂ ಇದೇ.

ತಿನ್ನುವ ಸಿಹಿ

ಪಾನೀಯಗಳಿಂದ ಉಳಿಸಿದ ಸಕ್ಕರೆಯನ್ನು ಎಲ್ಲಿ ಖರ್ಚು ಮಾಡಬೇಕೆಂಬುದು ಇಲ್ಲಿಯ ಪ್ರಶ್ನೆ. ಮೈಸೂರು ಪಾಕನ್ನು ಮನೆಗಳಲ್ಲಿ ಸಾಮಾನ್ಯವಾಗಿ ಒಂದು ಲೋಟ ಕಡಲೆಹಿಟ್ಟಿಗೆ ಎರಡು ಲೋಟ ಸಕ್ಕರೆ, ಎರಡು ಲೋಟ ತುಪ್ಪದ ಅಳತೆಯಲ್ಲಿ ಮಾಡುತ್ತಾರೆ. ಹಿಟ್ಟು ಹಗುರ, ಸಕ್ಕರೆ ಭಾರ. ತೂಕಕ್ಕೆ ತಿರುಗಿಸಿದಾಗ ಮೈಸೂರು ಪಾಕಿನ ನೂರು ಭಾಗದಲ್ಲಿ 40ಕ್ಕಿಂತ ಹೆಚ್ಚು ಭಾಗ ಸಕ್ಕರೆಯೇ ಆಗಿರುತ್ತದೆ. 40 ಗ್ರಾಂ ತೂಗುವ ಒಂದು ತುಂಡಿನಲ್ಲಿ 16–18 ಗ್ರಾಂ ಸಕ್ಕರೆ ಇದೆಯೆಂದಾಯಿತು. ಗೂಡುಗೂಡಾಗಿ ಉಬ್ಬಿದ ಗಟ್ಟಿ ಪಾಕಿಗೂ ಬಾಯಲ್ಲಿ ಕರಗುವ ಮೆತ್ತನೆಯ ತುಪ್ಪದ ಪಾಕಿಗೂ ನಡುವೆ ಆರಿಸುವುದಾದರೆ, ಮೆತ್ತನೆಯದರಲ್ಲಿ ಸಕ್ಕರೆಯ ಪಾಲು ಸ್ವಲ್ಪ ಕಡಿಮೆಯಾಗಿ ತುಪ್ಪದ ಪಾಲು ಏರಿರುತ್ತದೆ. ಸಕ್ಕರೆಯ ಒಂದು ಗ್ರಾಂ 4 ಕಿಲೋ ಕ್ಯಾಲೊರಿ ಕೊಟ್ಟರೆ ಕೊಬ್ಬಿನ ಒಂದು ಗ್ರಾಂ 9 ಕಿಲೋ ಕ್ಯಾಲೊರಿ ಕೊಡುವುದರಿಂದ, ರಕ್ತದ ಸಕ್ಕರೆಯೊಂದನ್ನೇ ನೋಡುವವರಿಗೆ ಮೆತ್ತನೆಯದು ತುಸು ವಾಸಿ, ತೂಕ ಮತ್ತು ಕೊಲೆಸ್ಟರಾಲ್ ಚಿಂತೆ ಇರುವವರಿಗೆ ಅಲ್ಲ. ಎರಡರಲ್ಲಿ ಯಾವುದಾದರೂ ಸರಿ, ಅರ್ಧ ತುಂಡು ತಿಂದರೆ 9 ಗ್ರಾಂ ಒಳಗೆ ಮುಗಿಯುತ್ತದೆ. ಅರ್ಧ ತುಂಡು ಮೈಸೂರು ಪಾಕ್ ಕೊಡುವ ತೃಪ್ತಿಯನ್ನು 9 ಗ್ರಾಂ ಸಕ್ಕರೆಯ ಕೋಲಾ, ಅಂದರೆ ಅರ್ಧ ಲೋಟವೂ ಆಗದಷ್ಟು ಕೋಲಾ, ಕೊಡಲಾರದು. ಪಾನೀಯದ ಸಕ್ಕರೆಯನ್ನು ಮಿಠಾಯಿಗೆ ಉಳಿಸಿ ಎಂದು ಮೊದಲೇ ಹೇಳಿದ್ದು ಈ ಕಾರಣಕ್ಕೆ.

ಬೇಳೆ ಒಬ್ಬಟ್ಟು ನಮ್ಮ ಹಬ್ಬದ ಸಿಹಿಗಳಲ್ಲಿ ಹೆಚ್ಚು ಸಮಾಧಾನ ಕೊಡುವ ಆಯ್ಕೆ. ಬೇಳೆ, ಬೆಲ್ಲ ಸಮ ತೂಕವಿದ್ದರೂ, ಬೆಂದ ಬೇಳೆ ನೀರು ಕುಡಿದು ಎರಡರಷ್ಟಕ್ಕೂ ಹೆಚ್ಚು ತೂಗುವುದರಿಂದ ಹೂರಣದಲ್ಲಿ ಬೆಲ್ಲದ ಪಾಲು ಮೂರರಲ್ಲೊಂದಕ್ಕೆ ಇಳಿಯುತ್ತದೆ. 45 ಗ್ರಾಂ ಹೂರಣ ತುಂಬಿದ ಒಂದು ಒಬ್ಬಟ್ಟಿನಲ್ಲಿ 15 ಗ್ರಾಂ ಆಸುಪಾಸು ಬೆಲ್ಲವಿದ್ದು, ಜೊತೆಗೆ ಬೇಳೆಯ ಪ್ರೋಟೀನು, ನಾರೂ ಸೇರಿರುತ್ತದೆ. ಒಂದು ಒಬ್ಬಟ್ಟು ತುಪ್ಪದ ಜೊತೆ ತಿಂದರೆ ಹೊಟ್ಟೆಗೆ ತಿಂದ ಹಾಗಾಗುತ್ತದೆ. ಮನೆಯಲ್ಲಿ ಮಾಡುವಾಗ ಒಂದು ಕಿಲೋ ಬೇಳೆಗೆ ಮುಕ್ಕಾಲು ಕಿಲೋ ಬೆಲ್ಲ ಹಾಕಿ, ಏಲಕ್ಕಿಯನ್ನು ಸ್ವಲ್ಪ ಹೆಚ್ಚು ಮಾಡಿದರೆ ಬಂದ ನೆಂಟರು ಕೊರತೆಯನ್ನು ಗುರುತಿಸುವುದಿಲ್ಲ; ಆದರೆ ಹೂರಣ ಗಟ್ಟಿಯಾಗಿ ರುಬ್ಬಿರಬೇಕು, ಸಡಿಲವಾದರೆ ಕಣಕದಿಂದ ಹೊರಗೆ ಬರುತ್ತದೆ. ಕಾಯಿ ಒಬ್ಬಟ್ಟಿನಲ್ಲಿ ಬೆಲ್ಲ, ಕೊಬ್ಬು ಎರಡೂ ಹೆಚ್ಚು.

ನಾವು ಸಿಹಿಯೆಂದೇ ಎಣಿಸದ ಒಂದು ಸಿಹಿ ಬೆಳಗಿನ ತಿಂಡಿಯಲ್ಲಿ ಅಡಗಿದೆ. ಚೌಚೌ ಬಾತ್ ತರಿಸಿದಾಗ ತಟ್ಟೆಯ ಅರ್ಧಕ್ಕೆ ಬರುವ ಕೇಸರಿಬಾತಿನಲ್ಲಿ, ರವೆಯ ಒಂದೂವರೆಯಷ್ಟು ತೂಕದ ಸಕ್ಕರೆ ಹಾಕುವ ಅಳತೆಯಲ್ಲಿ, 100 ಗ್ರಾಮಿಗೆ 25 ಗ್ರಾಂವರೆಗೆ ಸಕ್ಕರೆ ಇರಬಹುದು. ಇಡೀ ದಿನದ ಪಾಲು ಬೆಳಗ್ಗೆ ಒಂಬತ್ತಕ್ಕೇ ಮುಗಿಯಿತು. ಕೇಸರಿಬಾತ್ ಇಷ್ಟವಿದ್ದವರು ಇಬ್ಬರಿಗೆ ಒಂದು ತರಿಸಿ ಹಂಚಿಕೊಳ್ಳಲಿ. ಇಷ್ಟವಿಲ್ಲದೆಯೂ ತಟ್ಟೆಯಲ್ಲಿದೆ ಎಂದು ತಿನ್ನುವವರು ಖಾರಾಬಾತನ್ನಷ್ಟೇ ಹೇಳಲಿ. ಜಿಲೇಬಿ, ಜಹಾಂಗೀರ್, ಜಾಮೂನುಗಳು ಎಣ್ಣೆಯಲ್ಲಿ ಕರಿದು ಪಾಕದಲ್ಲಿ ನೆನೆಸಿದವು. ಜಾಮೂನನ್ನು ಚಮಚದಿಂದ ಒತ್ತಿ ಪಾಕವನ್ನು ಬಟ್ಟಲಿನಲ್ಲೇ ಬಿಡಬಹುದು, ಜಿಲೇಬಿಯಲ್ಲಿ ಆ ಅನುಕೂಲವೂ ಇಲ್ಲ.

ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ಹೋಲಿಕೆಯೇ ಬೇಕಾಗಿಲ್ಲ, 20 ಗ್ರಾಂ ತೂಗುವ ಗಿಳಿಯಲ್ಲಿ 20 ಗ್ರಾಂ ಸಕ್ಕರೆಯೇ ಇದೆ. ಎಳ್ಳು ಬೀರಲು ಬಂದವರು ಕೊಟ್ಟ ಅಚ್ಚುಗಳು ಹಬ್ಬದ ಮರುದಿನ ಮಕ್ಕಳ ಜೇಬಿನಲ್ಲಿ ಓಡಾಡುತ್ತವೆ. ಅವನ್ನು ಡಬ್ಬಿಯಲ್ಲಿಟ್ಟು ಮುಂದಿನ ದಿನಗಳ ಕಾಫಿಗೋ ಪಾಯಸಕ್ಕೋ ಸಕ್ಕರೆಯ ಬದಲಾಗಿ ಬಳಸುವ ಹಿರಿಯರ ರೂಢಿ ಬಹಳ ಒಳ್ಳೆಯದು. ಅಚ್ಚಿಗೆ ಬದಲು ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ ಬೆರೆಸಿದ ಎಳ್ಳು ಬೆಲ್ಲವನ್ನು ಮಕ್ಕಳ ಕೈಗೆ ಕೊಟ್ಟರೆ ಪಾಲಿಗೆ ಬರುವ ಸಿಹಿ ಕಡಿಮೆ, ಅಗಿಯುವ ಕೆಲಸ ಹೆಚ್ಚು. ದಿನನಿತ್ಯದ ಊಟದ ನಂತರ ಸಿಹಿ ಬೇಕೇಬೇಕು ಎನ್ನುವವರಿಗೆ ನಂಜನಗೂಡಿನ ರಸಬಾಳೆಯೋ ಏಲಕ್ಕಿ ಬಾಳೆಯೋ ಒಂದು ಸಾಕು. ಇಡೀ ಹಣ್ಣಾದ್ದರಿಂದ ಬಿಡಿ ಸಕ್ಕರೆಯ ಲೆಕ್ಕಕ್ಕೆ ಅದು ಸೇರುವುದಿಲ್ಲ, ಸಕ್ಕರೆ ಕಾಯಿಲೆ ಇರುವವರು ಮಾತ್ರ ಅದನ್ನೂ ಎಣಿಸಿಕೊಳ್ಳಬೇಕು.

ಶುಗರ್ ಫ್ರೀ ಎಂಬ ಚೀಟಿ

ಮಿಠಾಯಿ ಅಂಗಡಿಗಳ ಒಂದು ಮೂಲೆಯಲ್ಲಿ ಶುಗರ್ ಫ್ರೀ ಎಂದು ಚೀಟಿ ಅಂಟಿಸಿದ ತಟ್ಟೆಗಳಿರುತ್ತವೆ. ಅವುಗಳಲ್ಲಿ ಎರಡು ಬಗೆ ಹೆಚ್ಚಾಗಿ ಸಿಗುತ್ತವೆ. ಖರ್ಜೂರ, ಅಂಜೂರ ಅರೆದು ಮಾಡಿದ ಬರ್ಫಿಗಳಲ್ಲಿ ಸಕ್ಕರೆ ಹಾಕಿರುವುದಿಲ್ಲ, ನಿಜ. ಆದರೆ ಖರ್ಜೂರದ ತೂಕದಲ್ಲೇ ಶೇ. 60ಕ್ಕೂ ಹೆಚ್ಚು ಸಕ್ಕರೆ ಇದೆ. ನಾರು, ಬಾದಾಮಿ, ಗೋಡಂಬಿ ಸೇರಿರುವುದರಿಂದ ಒಂದು ತುಂಡಿಗೆ ನನ್ನ ವಿರೋಧವಿಲ್ಲ, ಧಾರಾಳವಾಗಿ ತಿನ್ನಬಹುದೆಂಬ ನಂಬಿಕೆಗೆ ವಿರೋಧವಿದೆ. ಇನ್ನೊಂದು ಬಗೆ ಸಕ್ಕರೆಯ ಬದಲು ಮಾಲ್ಟಿಟಾಲ್, ಸಾರ್ಬಿಟಾಲ್ ಎಂಬ ಸಿಹಿಕಾರಕಗಳನ್ನು ಹಾಕಿದ್ದು. ಇವು ಸಕ್ಕರೆಗಿಂತ ಕಡಿಮೆ ಕ್ಯಾಲೊರಿ ಕೊಡುತ್ತವೆ, ಸೊನ್ನೆಯಲ್ಲ. ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ. ಎರಡೂ ಬಗೆಗಳಲ್ಲಿ ತುಪ್ಪವೋ ಖೋವಾವೋ ಇರುವುದುಂಟು. ಶುಗರ್ ಫ್ರೀ ಮಿಠಾಯಿಯ ನಾಲ್ಕು ತುಂಡಿಗಿಂತ ಒಳ್ಳೆಯ ತುಪ್ಪದ ಮೈಸೂರು ಪಾಕಿನ ಅರ್ಧ ತುಂಡನ್ನು ಕೂತು ತಿನ್ನುವುದೇ ನನ್ನ ಆಯ್ಕೆ.

ಪ್ಯಾಕೆಟ್ಟಿನಲ್ಲಿ ಬರುವ ತಿಂಡಿಗಳಿಗೆ ಕಾನೂನಿನ ನೆರವಿದೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ 100 ಗ್ರಾಂ ಅಥವಾ 100 ಮಿ.ಲೀ.ಗೆ ಸಕ್ಕರೆ 0.5 ಗ್ರಾಂ ಮೀರದಿದ್ದರೆ ಮಾತ್ರ ಶುಗರ್ ಫ್ರೀ ಎಂದು ಬರೆಯಬಹುದು. ಲೋ ಶುಗರ್ ಎಂದು ಬರೆಯಲು ಗಟ್ಟಿ ಪದಾರ್ಥದಲ್ಲಿ 5 ಗ್ರಾಂ, ದ್ರವದಲ್ಲಿ 2.5 ಗ್ರಾಂ ಮಿತಿ. ಹಿಂಬದಿಯ ಪಟ್ಟಿಯಲ್ಲಿ ಟೋಟಲ್ ಶುಗರ್ಸ್ ಮತ್ತು ಆಡೆಡ್ ಶುಗರ್ಸ್ ಎಂದು ಎರಡು ಸಾಲು ಇರುತ್ತವೆ. ಅಂಕಿ 100 ಮಿ.ಲೀ.ಗೋ, ಒಂದು ಸರ್ವಿಂಗಿಗೋ, ಇಡೀ ಬಾಟಲಿಗೋ ಎಂಬುದನ್ನು ಮೊದಲು ನೋಡಬೇಕು. 600 ಮಿ.ಲೀ. ಬಾಟಲಿಯ ಮೇಲೆ 10.5 ಎಂದು ಕಂಡದ್ದನ್ನು ಆರರಿಂದ ಗುಣಿಸಿದರೆ 63 ಗ್ರಾಂ ಆಗುತ್ತದೆ.

ಮದುವೆ ಮನೆ, ದಸರೆ

ಮದುವೆಯ ಎಲೆಯಲ್ಲಿ ಪಾಯಸ, ಒಬ್ಬಟ್ಟು, ಚಿರೋಟಿ, ಲಾಡು ಎಲ್ಲವೂ ಸಾಲಾಗಿ ಬರುತ್ತವೆ, ಬಡಿಸುವವರೂ ಒತ್ತಾಯ ಮಾಡದೆ ಬಿಡುವುದಿಲ್ಲ. ಎಲ್ಲದರಲ್ಲೂ ಚೂರುಚೂರು ತಿನ್ನುವುದಕ್ಕಿಂತ, ಆ ದಿನ ಇದೊಂದೇ ಎಂದು ಮೊದಲೇ ಗೊತ್ತುಮಾಡಿಕೊಂಡು ಉಳಿದವುಗಳಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದು ಸುಲಭ. ಬಡಿಸಿದ ಮೇಲೆ ಬಿಡುವುದು ಬಡಿಸಿದವರಿಗೂ ಬೇಸರ, ಅನ್ನಕ್ಕೂ ಅವಮಾನ. ದಸರಾ ವಸ್ತುಪ್ರದರ್ಶನಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವಾಗ ಮನೆಯಿಂದ ನೀರು ಒಯ್ದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ, ಏಕೆಂದರೆ ಮಕ್ಕಳು ತಂಪು ಪಾನೀಯ ಕೇಳುವುದು ಬಹುಮಟ್ಟಿಗೆ ಬಾಯಾರಿಕೆಯಿಂದಲೇ. ದಾಹ ತೀರಿದ ಮೇಲೆ ಐಸ್‌ಕ್ರೀಮೋ ಬೊಂಬಾಯಿ ಮಿಠಾಯಿಯೋ ಎಂದು ಒಂದನ್ನು ಅವರೇ ಆರಿಸಿಕೊಳ್ಳಲಿ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆಯನ್ನು ಬಹಳ ಕೆಳಗಿಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಈ ಹೋಲಿಕೆಗಳೆಲ್ಲ ತಿರುವುಮುರುವಾಗುವ ಒಂದು ಸಂದರ್ಭವಿದೆ. ಊಟ ತಪ್ಪಿಯೋ ಮದ್ದು ಹೆಚ್ಚಾಗಿಯೋ ಅವರ ರಕ್ತದ ಸಕ್ಕರೆ 100 ಮಿ.ಲೀ.ಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದು, ಕೈಕಾಲು ನಡುಗಿ ಬೆವರತೊಡಗಿದಾಗ ಜೀರೊ ಕೋಲಾವಾಗಲಿ ಉಪ್ಪಿನ ಸೋಡಾವಾಗಲಿ ಕೆಲಸಕ್ಕೆ ಬಾರದು. ತುಪ್ಪವಿರುವ ಮೈಸೂರು ಪಾಕೂ ನಿಧಾನವಾಗಿ ಜೀರ್ಣವಾಗುವುದರಿಂದ ಆ ಹೊತ್ತಿಗೆ ಒದಗುವುದಿಲ್ಲ. ಆಗ ಬೇಕಾಗುವುದು ಕೂಡಲೇ ರಕ್ತಕ್ಕೆ ಸೇರುವ 15 ಗ್ರಾಂ ಸಕ್ಕರೆ: ನಾಲ್ಕು ಚಮಚ ಸಕ್ಕರೆ ಕರಗಿಸಿದ ನೀರು, ಅಥವಾ 150 ಮಿ.ಲೀ. ಸಾಮಾನ್ಯ ಕೋಲಾ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರಿರದಿದ್ದರೆ ಅಷ್ಟನ್ನೇ ಇನ್ನೊಮ್ಮೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಬೇಕು.